ಉತ್ತರೆ ಮಳೆಗೆ ನೆಡುವ ಹಿತ್ತಲು

ಚಳ್ಳಕೆರೆ, ಹಿರಿಯೂರು ಕಡೆ ವರ್ಷದ ಸರಾಸರಿ ಮಳೆ 600 ಮಿ.ಮೀ. ಮುಟ್ಟುವುದಿಲ್ಲ. ಇಂಥ ಸೀಮೆಯಲ್ಲೂ ತೋಟದ ಮನೆಯ ಅಂಗಳಕ್ಕೆ ಹುಲ್ಲುಹಾಸು ಹಾಕಿಸುವುದು ಈಚೆಗೆ ಹೆಚ್ಚಿದೆ, ನೋಡಿದರೆ ಸಂಕಟವಾಗುತ್ತದೆ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಹುಲ್ಲಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಹತ್ತು ಮೀಟರ್ ಉದ್ದಗಲದ ಅಂಗಳ ದಿನಾ 500 ಲೀಟರ್ ಕುಡಿಯುತ್ತದೆ. ದಾಳಿಂಬೆಗೂ ದನಕ್ಕೂ ಸಾಲದ ಬೋರ್‌ವೆಲ್ ನೀರು ಅದು.

ನರ್ಸರಿಗೆ ಹೋಗುವ ಮುಂಚೆ, ಏಪ್ರಿಲ್ ಬಿಸಿಲಲ್ಲಿ, ಊರ ಗುಡ್ಡ ಮತ್ತು ಉಳದೆ ಬಿಟ್ಟ ಬದುಗಳನ್ನು ಒಮ್ಮೆ ನೋಡಿ ಬನ್ನಿ. ಯಾರೂ ನೀರು ಹಾಕದಿದ್ದರೂ ತಂಗಡಿ, ಬಂದರೆ, ಕವಳೆ ಅಲ್ಲಿ ಜೀವ ಹಿಡಿದು ನಿಂತಿರುತ್ತವೆ. ಹಳ್ಳದ ದಂಡೆಯಲ್ಲಿ ಲಕ್ಕಿ ಇರುತ್ತದೆ. ನಿಮ್ಮ ಹಿತ್ತಲಿಗೆ ಬೇಕಾದವು ಇವೇ. ಲಂಟಾನ ಮತ್ತು ಬಳ್ಳಾರಿ ಜಾಲಿಯೂ ಅಲ್ಲೇ ಹಸಿರಾಗಿರುತ್ತವೆ, ಅವನ್ನು ಮಾತ್ರ ತರಬೇಡಿ. ಎರಡೂ ಅಮೆರಿಕ ಖಂಡದಿಂದ ಬಂದವು. ಬೇಲಿಗೆ ನೆಟ್ಟರೆ ಹೊಲಕ್ಕೆ ನುಗ್ಗುತ್ತವೆ.

ನನಗೆ ಎಲ್ಲಕ್ಕಿಂತ ಮೆಚ್ಚಿನದು ತಂಗಡಿ. ಆವರಿಕೆ ಎಂದರೂ ಇದೇ. ಆಳೆತ್ತರದ ಪೊದೆ, ವರ್ಷದ ಬಹುಕಾಲ ಹಳದಿ ಹೂ, ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಸೊಪ್ಪು ಹಸಿರೆಲೆ ಗೊಬ್ಬರಕ್ಕೆ ಬರುತ್ತದೆ. ಇದರ ಪರಾಗ ಸಣ್ಣ ರಂಧ್ರದೊಳಗೆ ಅಡಗಿರುತ್ತದೆ. ದೊಡ್ಡ ಕರಿ ದುಂಬಿ ಹೂವನ್ನು ತಬ್ಬಿ ಮೈ ಅದುರಿಸಿದಾಗಲೇ ಅದು ಉದುರುವುದು. ಬದನೆ ಹೂವಿನದೂ ಇದೇ ರೀತಿ. ಹಾಗಾಗಿ ತರಕಾರಿ ಮಡಿಯ ಪಕ್ಕದಲ್ಲಿ ನಾಲ್ಕು ತಂಗಡಿ ಇದ್ದರೆ ದುಂಬಿ ಎರಡಕ್ಕೂ ಒದಗುತ್ತದೆ. ಒಂದು ಎಚ್ಚರಿಕೆ: ತಂಗಡಿ ಎಂದು ಕೇಳಿದರೆ ಕೆಲವೆಡೆ ಸೀಮೆತಂಗಡಿ ಸಸಿ ಕೊಟ್ಟುಬಿಡುತ್ತಾರೆ. ಅದು ಪೊದೆಯಲ್ಲ, ಮರ, ಹಿತ್ತಲಿಗೆ ಆಗಿಬರುವುದಿಲ್ಲ. ಅದಕ್ಕೇ ಬದುವಿನ ಗಿಡದಿಂದ ಒಣಗಿದ ಕಾಯಿ ಬಿಡಿಸಿ ಬೀಜವನ್ನು ನೀವೇ ತರುವುದು ಲೇಸು. ಕುದಿಸಿ ಇಳಿಸಿದ ನೀರಲ್ಲಿ ರಾತ್ರಿಯಿಡೀ ನೆನೆಹಾಕಿ, ಗಿಡ ಬೇಕಾದ ಜಾಗದಲ್ಲೇ ಊರಿ. ಪ್ಯಾಕೆಟ್ಟಿನಲ್ಲಿ ಬೆಳೆದರೆ ತಾಯಿಬೇರು ಸುರುಳಿ ಸುತ್ತಿಕೊಂಡು ಆಳಕ್ಕೆ ಇಳಿಯುವುದಿಲ್ಲ.

ಲಕ್ಕಿಯನ್ನು ಕಡ್ಡಿಯಿಂದ, ಮಂಗರಬಳ್ಳಿಯನ್ನು ತುಂಡಿನಿಂದ ಹಚ್ಚಬಹುದು. ಕವಳೆ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹಣ್ಣು ತಿಂದ ವಾರದಲ್ಲೇ ಹಾಕಿ. ಮುಡಿಯುವ ಹೂ ಬೇಕೆಂದರೆ ಕನಕಾಂಬರ ದಕ್ಷಿಣ ಭಾರತದ್ದೇ ಗಿಡ. ಅದಕ್ಕೆ ಬಚ್ಚಲ ನೀರು ಹರಿಯುವ ಕಡೆ ಜಾಗ ಕೊಡಿ. ಬೇರಿಗೆ ಜಂತುಹುಳು ಬೀಳುವುದರಿಂದ ಗುಣಿಗೆ ಬೇವಿನ ಹಿಂಡಿ ಹಾಕುವುದನ್ನು ಮರೆಯಬೇಡಿ.

ನೆಡುವ ಕಾಲದ ಬಗ್ಗೆ ನನ್ನ ಮಾತು ರೂಢಿಗೆ ಒಪ್ಪುವುದಿಲ್ಲ. ಜೂನ್ 5ರ ಪರಿಸರ ದಿನ ಬಂತೆಂದರೆ ಎಲ್ಲೆಡೆ ಸಸಿ ನೆಡುವ ಸಡಗರ. ಮಲೆನಾಡಿಗೆ ಅದು ಸರಿ. ಚಿತ್ರದುರ್ಗದ ಬೆಟ್ಟಸಾಲಿನ ಮೇಲೆ ಗಾಳಿಯಂತ್ರ ತಿರುಗಿಸುವ ಆಷಾಢದ ಗಾಳಿ ಬಯಲುಸೀಮೆಯಲ್ಲಿ ಎಳೆಸಸಿಯನ್ನು ಒಣಗಿಸಿಬಿಡುತ್ತದೆ. ಈ ಭಾಗದ ಮಳೆಯ ದೊಡ್ಡ ಪಾಲು ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮೇ ತಿಂಗಳಲ್ಲೇ ಒಂದೂವರೆ ಅಡಿ ಗುಣಿ ತೆಗೆದು ಬಿಸಿಲಿಗೆ ಬಿಡಿ. ನಾಟಿ ಮಾತ್ರ ಆಗಸ್ಟ್ ಕೊನೆಗೆ. ಉತ್ತರೆ, ಹಸ್ತ, ಚಿತ್ತೆ ಮಳೆ ಮೂರೂ ಬೇರಿಗೆ ಸಿಗುತ್ತವೆ. ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಸಣ್ಣ ಬದು ಹಾಕಿದರೆ ಓಡುವ ನೀರು ಅಲ್ಲೇ ಇಂಗುತ್ತದೆ. ಮಾಳಿಗೆ ನೀರನ್ನೂ ಆ ಕಡೆಗೇ ತಿರುಗಿಸಿ: ಸಾವಿರ ಚದರಡಿ ಮಾಳಿಗೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರು, ಆವಿಯಾಗಿದ್ದು ಸೋರಿದ್ದು ಕಳೆದರೂ 700 ಲೀಟರ್ ಉಳಿದೀತು.

ನೀರು ಬೇಡದ ಗಿಡಕ್ಕೂ ಮೊದಲ ಬೇಸಿಗೆಯಲ್ಲಿ ಆಸರೆ ಬೇಕು. ಗಿಡದ ಪಕ್ಕ ಒಂದು ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ವಾರಕ್ಕೊಮ್ಮೆ ತುಂಬಿಸಿ ಬಾಯಿ ಮುಚ್ಚಿ. ಎರಡನೇ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ ಸಾಕು, ಮೂರನೆಯದಕ್ಕೆ ಬೇಕಾಗುವುದಿಲ್ಲ. ಬುಡಕ್ಕೆ ಕಡಲೆಕಾಯಿ ಸಿಪ್ಪೆಯ ಹೊದಿಕೆ ಒಳ್ಳೆಯದು, ಆದರೆ ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ.

ಆಮೇಲೆ ಉಳಿಯುವ ಕೆಲಸ ವರ್ಷಕ್ಕೊಮ್ಮೆ ಸವರುವುದು. ತಂಗಡಿ ಸೊಪ್ಪು ಗುಣಿಗೇ ಹೋಗಲಿ. ಲಕ್ಕಿ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಕಾಳಿನ ಚೀಲಗಳಲ್ಲಿ ಇಡಿ. ಅವರೆ, ತೊಗರಿಗೆ ಹುಳ ಬೀಳುವುದು ಕಡಿಮೆಯಾಗುತ್ತದೆ.