ಷರಾ ಕಾಲಂ

ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಅಪ್ಪ ಮೂವತ್ತು ವರ್ಷ ಟೇಪು ಹಿಡಿದ. ಲಾರಿಯಿಂದ ಸಾಗವಾನಿ ದಿಮ್ಮಿ ಇಳಿದ ಕೂಡಲೇ ಉದ್ದ ಅಳೆದು, ಸುತ್ತು ಅಳೆದು, ನಂಬರು ಹಾಕಿ ಪುಸ್ತಕಕ್ಕೆ ಏರಿಸುವ ಕೆಲಸ. ಶಾಲೆ ಬಿಟ್ಟ ಮೇಲೆ ನಾನು ಬುತ್ತಿ ಡಬ್ಬಿ ತರಲು ಹೋಗುತ್ತಿದ್ದೆ. ಹೋದವನ ಕೈಗೆ ಡಬ್ಬಿಗಿಂತ ಮೊದಲು ಟೇಪಿನ ತುದಿ ಬರುತ್ತಿತ್ತು.

“ಬುಡಾ ನೋಡಿ ಹಿಗ್ಗಬ್ಯಾಡ ತಮ್ಮಾ. ನಡುವಿಗೆ ಸುತ್ತು.”

ದಿಮ್ಮಿಯ ನಡುಭಾಗದ ಸುತ್ತಳತೆ ಹಿಡಿಯಬೇಕು, ಅದರ ಕಾಲು ಭಾಗವನ್ನು ಅದೇ ಕಾಲು ಭಾಗದಿಂದ ಗುಣಿಸಬೇಕು, ಬಂದದ್ದನ್ನು ಉದ್ದದಿಂದ ಗುಣಿಸಬೇಕು. ಸುತ್ತು 1.6 ಮೀಟರ್, ಉದ್ದ 5 ಮೀಟರ್ ಇದ್ದರೆ 0.8 ಘನ ಮೀಟರ್. ಎಂಟನೇ ಇಯತ್ತೆಯಲ್ಲಿ ಸಿಲಿಂಡರಿನ ಪಾಠ ಮುಗಿದ ದಿನ ನಾನು ಡಿಪೋಕ್ಕೆ ಓಡಿದೆ. ನನ್ನ ಲೆಕ್ಕದಲ್ಲಿ ಅದೇ ದಿಮ್ಮಿ 1.02 ಘನ ಮೀಟರ್ ಆಗುತ್ತಿತ್ತು. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಟ್ಟಿಗೆ ದಿನಾ ಲೆಕ್ಕ ತಪ್ಪಿ ಹೋಗುತ್ತಿದೆ ಎಂದು ಅಪ್ಪನೆದುರು ಕೂಗಾಡಿದೆ. ಅಪ್ಪ ನಕ್ಕ.

“ಸಾಲ್ಯಾಗಿನ ದಿಮ್ಮಿಗೆ ತೊಗಟಿ ಇರೂದಿಲ್ಲ.”

ಆಮೇಲೆ ಸಾ ಮಿಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದ. ದುಂಡನೆಯ ದಿಮ್ಮಿಯನ್ನು ಚೌಕ ಮಾಡುವಾಗ ನಾಲ್ಕೂ ಬದಿ ಸಿಗಿದು ಬೀಳುವ ಚಕ್ಕೆ, ತೊಗಟೆ, ಗರಗಸ ತಿಂದು ಉಗುಳುವ ಹೊಟ್ಟು: ನನ್ನ ಕಳೆದುಹೋದ ಕಟ್ಟಿಗೆ ಅಲ್ಲೇ ರಾಶಿಯಾಗಿ ಬಿದ್ದಿತ್ತು.

ತಿಳಿದೆ ಎಂದುಕೊಂಡಿದ್ದೆ. ಹಳಿಯಾಳದಲ್ಲಿ ಬಾಗಿಲು, ಚೌಕಟ್ಟಿನ ಕೆಲಸ ಹಿಡಿದ ಮೊದಲ ವರ್ಷ ಮುಂಡಗೋಡದ ಒಂದು ಮನೆಗೆ ದರ ಹೇಳುವಾಗ ಬೇಕಾದ ಹಲಗೆಯ ಅಳತೆ ಮಾತ್ರ ಕೂಡಿಸಿದೆ. ಗರಗಸದ ಪಾಲು ಬಿಟ್ಟೆ, ಮಳೆಗಾಲದಲ್ಲಿ ಕೆಲಸ ನಿಲ್ಲುವ ದಿನಗಳನ್ನೂ ಬಿಟ್ಟೆ. ಮನೆಯವರು ನನ್ನನ್ನು ಬಹಳ ಹೊಗಳಿದರು. ದರ ಅಷ್ಟು ಕಡಿಮೆ ಇದ್ದರೆ ಯಾರಾದರೂ ಹೊಗಳುತ್ತಾರೆ.

ಅಪ್ಪನ ಇನ್ನೊಂದು ಚಾಳಿ ನನಗೆ ಸಿಟ್ಟು ತರಿಸುತ್ತಿತ್ತು. ಅಳತೆಯನ್ನು ಬಾಯಲ್ಲಿ ಹೇಳಿದರೆ ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಮಳೆ ಬರಲಿ, ಲಾರಿಯವನು ಹಾರ್ನ್ ಹೊಡೆಯಲಿ, ಒಂದು ದಿಮ್ಮಿ ಪುಸ್ತಕಕ್ಕೆ ಏರದೆ ಮುಂದಿನದಕ್ಕೆ ಟೇಪು ಹೋಗುತ್ತಿರಲಿಲ್ಲ. ಈ ಹಟದ ಬೇರು ಎಲ್ಲಿದೆ ಎಂದು ಅವ್ವ ಹೇಳಿದಳು. ಅಪ್ಪನ ಊರು ಸೂಪಾದ ಹತ್ತಿರ, ಕಾಳಿ ನದಿಯ ದಂಡೆ. ಸೂಪಾ ಆಗ ತಾಲೂಕಿನ ಮುಖ್ಯ ಊರು. ಅಣೆಕಟ್ಟಿನ ನೀರು ಅದನ್ನು ನುಂಗಿದ ಮೇಲೆ ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಪರಿಹಾರಕ್ಕಾಗಿ ಮರ ಎಣಿಸಲು ಬಂದವರ ಜೊತೆ ಅಜ್ಜ ಹಿತ್ತಿಲೆಲ್ಲ ತಿರುಗಿದ್ದ. ಹಲಸು ಐದು ಎಂದು ಬಾಯಲ್ಲಿ ಹೇಳಿದ್ದ. ಅವರೂ ತಲೆಯಾಡಿಸಿದ್ದರು. ಕಾಗದದಲ್ಲಿ ನಾಲ್ಕೇ ಇತ್ತು. 1987ರಲ್ಲಿ ಅಣೆಕಟ್ಟು ಪೂರ್ತಿಯಾಯಿತು. ನಮ್ಮ ಬಳಗದ ಬಹಳ ಮಂದಿ ರಾಮನಗರದ ಪುನರ್ವಸತಿಗೆ ಹೋಗಿ ನೆಲೆಸಿದರು, ಐದನೇ ಹಲಸಿನ ಮಾತು ಅಜ್ಜ ಸಾಯುವ ತನಕ ಜಗಲಿ ಮೇಲೆ ನಡೆಯಿತು. ಅಪ್ಪ ಮಾತ್ರ ಆ ಚರ್ಚೆಯಲ್ಲಿ ಎಂದೂ ಕೂಡಲಿಲ್ಲ.

ಇನ್ನು ನನ್ನ ದಡ್ಡತನದ ಕತೆ.

ನೌಕರಿಯಲ್ಲಿ ಇರುವ ತನಕ ಡಿಪೋದ ಲಿಲಾವಿಗೆ ನಾನು ಕಾಲಿಡಕೂಡದು ಎಂದು ಅಪ್ಪ ತಾಕೀತು ಮಾಡಿದ್ದ. ಅವನು ನಿವೃತ್ತನಾದ ಕೆಲ ತಿಂಗಳಿಗೆ ಹೋದೆ. ಜೊತೆಗೆ ಬಂದ ಅಪ್ಪ ಗೇಟಿನ ಹೊರಗೇ ಚಹದ ಅಂಗಡಿಯಲ್ಲಿ ಕೂತ. ಒಂದು ಲಾಟಿನಲ್ಲಿ ಮೂರು ಆಳು ತಬ್ಬಬೇಕಾದಂಥ ಬುಡದ ದಿಮ್ಮಿ ಇತ್ತು. ಮೂರು ಅಂದದ್ದು ಹೆಚ್ಚಾಯಿತು, ಎರಡು ಅನ್ನಿ. ಇನ್ನೊಂದು ತುದಿ ರಾಶಿಯ ಒಳಗೆ ಹೋಗಿತ್ತು. ಸವಾಲು ಏರಿತು, ನಾನೂ ಏರಿದೆ, ಗೆದ್ದೆ. ಸಾ ಮಿಲ್ಲಿನಲ್ಲಿ ಸೀಳಿದಾಗ ಒಳಗಿನ ತುದಿಯಿಂದ ಸುಮಾರು ನಡುವಿನ ತನಕ ಪೊಳ್ಳು.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. “ನಿನಗ ಗೊತ್ತಿತ್ತೇನಪಾ?”

“ಗೊತ್ತಿತ್ತು. ನಾನೇ ಅಳದಿದ್ದೆ.”

“ಮತ್ತ ಹೇಳಬಾರದಾಗಿತ್ತಾ?”

“ಹೇಳೇನಲ್ಲ. ಯಾದಿ ನೋಡು.”

ಲಾಟಿನ ಯಾದಿ ನನ್ನ ಕಿಸೆಯಲ್ಲೇ ಮಡಚಿಕೊಂಡಿತ್ತು. ನಂಬರು, ಉದ್ದ, ಸುತ್ತು ಇಷ್ಟರ ತನಕ ಕಣ್ಣಾಡಿಸಿದ್ದೆ. ಕಟ್ಟಕಡೆಯ ಷರಾ ಕಾಲಮ್ಮಿನಲ್ಲಿ ಒಂದೇ ಶಬ್ದ: ಪೊಳ್ಳು. ಅಪ್ಪನ ಪುಸ್ತಕದಿಂದಲೇ ಇಳಿಸಿಕೊಂಡದ್ದು. ಆ ಕಾಗದ ಲಿಲಾವಿಗೆ ಬಂದ ಎಲ್ಲರ ಕೈಯಲ್ಲೂ ಇತ್ತು, ಅದಕ್ಕೇ ಹಳೆಯ ವ್ಯಾಪಾರಿಗಳು ಅರ್ಧಕ್ಕೆ ಬಾಯಿ ಮುಚ್ಚಿದ್ದರು. ಅವರೆಲ್ಲ ನನಗೆ ಹೆದರಿದರು ಎಂದು ನಾನು ಬೀಗಿದ್ದೆ.

“ಎಲ್ಲಾರಿಗೂ ಬರದಿಟ್ಟದ್ದನ್ನ ನಿನಗೊಬ್ಬನಿಗೆ ಕಿವ್ಯಾಗ ಹೇಳಲೇನು?” ಅಂದ ಅಪ್ಪ, ಮತ್ತು ಸಾರು ಬಡಿಸಿಕೊಂಡ.

ಅವನದು ಸರಿ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ, ಆದರೆ ಆ ಲಾಟಿಗೆ ಮಾಡಿದ ಸಾಲ ತೀರಿಸಿದ ಎರಡು ವರ್ಷ ಹಾಗೆ ಅನಿಸಿರಲಿಲ್ಲ. ಈಗಲೂ ಒಮ್ಮೊಮ್ಮೆ ಅನಿಸುತ್ತದೆ: “ಯಾದಿ ಓದಿದಿಯೇನು?” ಎಂದು ಗೇಟಿನಲ್ಲಿ ಕೇಳಿದ್ದರೆ ಯಾವ ಧರ್ಮ ಕೆಡುತ್ತಿತ್ತು? ನನ್ನ ಮಗನಿಗೆ ನಾನು ಕೇಳುತ್ತೇನೆ. ಅವನು ಫೋನಿನಿಂದ ತಲೆ ಎತ್ತದೆ ಹೂಂ ಅನ್ನುತ್ತಾನೆ.

ಪೊಳ್ಳು ತುಂಡನ್ನು ಅಪ್ಪ ಎರಡು ಹೋಳು ಮಾಡಿಸಿ ಎಮ್ಮೆಗೆ ನೀರಿನ ದೋಣಿ ಮಾಡಿದ. ಸಾಗವಾನಿಯಲ್ಲವೇ, ಇನ್ನೂ ಗಟ್ಟಿಯಾಗಿದೆ. ಭಾರತ ಹುಣ್ಣಿಮೆಗೆ ಉಳವಿಗೆ ಚಕ್ಕಡಿ ಕಟ್ಟಿಕೊಂಡು ಹೋಗುವವರು ನಮ್ಮ ಮನೆ ಮುಂದೆ ಎತ್ತು ಬಿಟ್ಟಾಗ ಅದರಲ್ಲೇ ನೀರು ಕುಡಿಸುತ್ತಾರೆ. ಇಷ್ಟು ಬೆಲೆಯ ದೋಣಿ ಇಡೀ ಜಿಲ್ಲೆಯಲ್ಲಿ ಇನ್ನೊಂದು ಇರಲಾರದು.

ಅಪ್ಪನಿಗೆ ಈಗ ಕಣ್ಣು ಮಂಜು. ನಾನು ಕಟ್ಟಿಗೆ ನೋಡಲು ಹೋದ ದಿನ ಸಂಜೆ ತಪ್ಪದೆ ಫೋನು ಮಾಡುತ್ತಾನೆ. ಮೊನ್ನೆ ಬೈಕಿನಲ್ಲಿ ಹಳಿಯಾಳ ದಾಟಿದ್ದೆ.

“ನಡುವಿನ ಸುತ್ತು ಎಷ್ಟ ಬಂತು?”

ಹೇಳಿದೆ.

“ಬರದೀಯೇನು?”

ಬರೆದಿರಲಿಲ್ಲ. ಗಾಡಿ ಬದಿಗೆ ಹಚ್ಚಿ ಕಿಸೆಯಲ್ಲಿ ಪೆನ್ನು ಹುಡುಕಿದೆ.