ಶುಗರ್ ಇದ್ದವರ ಹೆಗಲು, ಬೆರಳು, ಪಾದ: ಮನೆಯಲ್ಲೇ ಪರೀಕ್ಷಿಸಿಕೊಳ್ಳಿ

ಶುಗರ್ ಬಂದ ಮೇಲೆ ಕಣ್ಣು, ಕಿಡ್ನಿ, ಹೃದಯ ನೋಡಿಸಿಕೊಳ್ಳಬೇಕು ಎನ್ನುವುದು ಈಗ ಬಹಳ ಮಂದಿಗೆ ಗೊತ್ತು. ಆದರೆ ತೋಳು ಮೇಲೇಳುತ್ತಿಲ್ಲ, ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುತ್ತಿಲ್ಲ ಎಂದರೆ ‘ವಯಸ್ಸಾಯ್ತು’, ‘ವಾಯು ಇರಬೇಕು’ ಎಂದುಕೊಂಡು ಎಣ್ಣೆ ತಿಕ್ಕಿ ಸುಮ್ಮನಾಗುತ್ತೇವೆ. ಮಧುಮೇಹ ತಜ್ಞರ ಬಳಿ ಹೋದಾಗಲೂ ಈ ಮಾತು ಎತ್ತುವುದಿಲ್ಲ, ಅದು ಮೂಳೆ ಡಾಕ್ಟರಿಗೆ ಹೇಳಬೇಕಾದದ್ದು ಅನ್ನಿಸುತ್ತದೆ.

ನಿಜವಾಗಿ ಎರಡಕ್ಕೂ ನಂಟಿದೆ. ರಕ್ತದಲ್ಲಿ ವರ್ಷಗಟ್ಟಲೆ ಹೆಚ್ಚಾಗಿ ಉಳಿದ ಸಕ್ಕರೆ ಕೊಲಾಜೆನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮ, ಸ್ನಾಯುರಜ್ಜು, ಕೀಲನ್ನು ಸುತ್ತಿರುವ ಚೀಲ ಎಲ್ಲಕ್ಕೂ ಬಲ ಕೊಡುವುದು ಕೊಲಾಜೆನ್ ಎಳೆಗಳೇ. ಸಕ್ಕರೆ ಅಂಟಿದ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ದಪ್ಪವಾಗುತ್ತವೆ, ಬಾಗುವ ಗುಣ ಕಳೆದುಕೊಳ್ಳುತ್ತವೆ. ಕಾಯಿಲೆ ಹಳೆಯದಾದಷ್ಟೂ ಬಿಗಿತ ಹೆಚ್ಚು.

ಮೊದಲು ಕೈ ಮುಗಿಯಿರಿ

ಮೊಣಕೈಗಳನ್ನು ಅಗಲಿಸಿ, ಎದೆಯ ಮುಂದೆ ಅಂಗೈಗೆ ಅಂಗೈ ಒತ್ತಿ ನಮಸ್ಕಾರ ಮಾಡಿ. ಬೆರಳುಗಳು ಬುಡದಿಂದ ತುದಿಯವರೆಗೆ ಒಂದಕ್ಕೊಂದು ತಾಗಬೇಕು. ಕಿರುಬೆರಳಿನ ಗಂಟಿನ ಬಳಿ ಬೆಳಕು ತೂರುವಷ್ಟು ಸಂದು ಉಳಿದಿದ್ದರೆ ಅದು ಬಿಗಿತದ ಮೊದಲ ಗುರುತು. ಸಾಮಾನ್ಯವಾಗಿ ಕಿರುಬೆರಳಿನಲ್ಲಿ ಶುರುವಾಗಿ ಪಕ್ಕದ ಬೆರಳುಗಳಿಗೆ ಹಬ್ಬುತ್ತದೆ. ನೋವಿರುವುದಿಲ್ಲ, ಹಾಗಾಗಿ ಗಮನಕ್ಕೂ ಬರುವುದಿಲ್ಲ. ಮೇಜಿನ ಮೇಲೆ ಅಂಗೈ ಚಪ್ಪಟೆಯಾಗಿ ಕೂರುತ್ತದೆಯೇ ಎಂದೂ ನೋಡಿಕೊಳ್ಳಿ. ಬೆರಳು ಬಿಗಿದವರಲ್ಲಿ ಕಣ್ಣಿನ ಪರದೆ ಮತ್ತು ಮೂತ್ರಪಿಂಡದ ತೊಂದರೆ ಹೆಚ್ಚಾಗಿ ಕಾಣಿಸುವುದರಿಂದ ಆ ಎರಡು ಪರೀಕ್ಷೆಗಳನ್ನು ಮುಂದೂಡಬೇಡಿ.

ಮಡಚಿದ ಬೆರಳು ಅಲ್ಲೇ ಸಿಕ್ಕಿಕೊಂಡು, ಎಳೆದಾಗ ‘ಟಕ್’ ಎಂದು ಬಿಡಿಸಿಕೊಂಡರೆ ಅದು ಟ್ರಿಗರ್ ಫಿಂಗರ್. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಹಗುರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಕಿರುಬೆರಳಿಗೆ ಜೋಮು ಇದೆಯೇ ಇಲ್ಲವೇ ಗಮನಿಸಿ ಹೇಳಿ. ಯಾವ ನರ ಎಂದು ವೈದ್ಯರು ತಿಳಿಯಲು ಅದು ನೆರವಾಗುತ್ತದೆ.

ಹೆಗಲು ಹಿಡಿದುಕೊಂಡಿದ್ದರೆ

ಕುಪ್ಪಸದ ಹುಕ್ ಹಿಂದೆ ಹಾಕಲಾಗದು, ಜಡೆಗೆ ಕೈ ಹೋಗದು, ಹಿಂದಿನ ಜೇಬಿನ ಪರ್ಸ್ ತೆಗೆಯಲಾಗದು, ಆ ಮಗ್ಗುಲಿಗೆ ಮಲಗಲಾಗದು. ದೂರು ಹೀಗೆ ಶುರುವಾದರೆ ಫ್ರೋಜನ್ ಶೋಲ್ಡರ್ ನೆನಪಿಗೆ ಬರಬೇಕು. ಬೇರೆಯವರಲ್ಲಿ 100ಕ್ಕೆ 2ರಿಂದ 5 ಮಂದಿಗೆ ಕಾಡುವ ಈ ತೊಂದರೆ ಮಧುಮೇಹಿಗಳಲ್ಲಿ ಸುಮಾರು 10ರಿಂದ 20 ಮಂದಿಗೆ ಬರುತ್ತದೆ. ಶುಗರ್ ಇಲ್ಲ ಎಂದುಕೊಂಡವರ ಹೆಗಲು ಕಾರಣವಿಲ್ಲದೆ ಹಿಡಿದುಕೊಂಡರೂ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಪರೀಕ್ಷೆ ಸುಲಭ. ಮೊಣಕೈಯನ್ನು ಪಕ್ಕೆಗೆ ಒತ್ತಿ, 90 ಡಿಗ್ರಿ ಮಡಚಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಇನ್ನೊಂದು ಕೈಯಷ್ಟು ತಿರುಗುತ್ತದೆಯೇ? ಮನೆಯವರಿಗೆ ನಿಧಾನವಾಗಿ ತಿರುಗಿಸಲು ಹೇಳಿ. ಅವರು ತಿರುಗಿಸಿದರೂ ಹೋಗದಿದ್ದರೆ ಕೀಲಿನ ಚೀಲವೇ ಬಿಗಿದಿರಬಹುದು. ನಿಮಗೆ ತೋಳು ಎತ್ತಲಾಗದೆ, ಬೇರೆಯವರು ಎತ್ತಿದರೆ ಸಲೀಸಾಗಿ ಹೋದರೆ ಸ್ನಾಯುರಜ್ಜು ಹರಿದಿರಬಹುದು, ಅದರ ಚಿಕಿತ್ಸೆ ಬೇರೆ. ಆದರೆ ಹೆಗಲ ನೋವಿನ ಜೊತೆ ಎದೆ ಬಿಗಿತ, ಬೆವರು, ಉಬ್ಬಸ ಇದ್ದರೆ ಈ ಪರೀಕ್ಷೆಗಳಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಿ. ಮಧುಮೇಹಿಗಳಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಬರುತ್ತದೆ.

ಫ್ರೋಜನ್ ಶೋಲ್ಡರ್ ಆದರೆ ಮೊದಲ ಕೆಲವು ತಿಂಗಳು ನೋವು, ಆಮೇಲೆ ನೋವು ಇಳಿದು ಬಿಗಿತ, ಕೊನೆಗೆ ನಿಧಾನವಾಗಿ ಬಿಡಿಸಿಕೊಳ್ಳುವುದು. ಇಷ್ಟಕ್ಕೆ 1ರಿಂದ 3 ವರ್ಷ ಹಿಡಿಯಬಹುದು. ಮಧುಮೇಹಿಗಳಲ್ಲಿ ಇನ್ನೂ ತಡ. ಕೆಲವರಿಗೆ ಸ್ವಲ್ಪ ಬಿಗಿತ ಉಳಿದೇ ಬಿಡುತ್ತದೆ. ವಾರದಲ್ಲಿ ಗುಣ ಮಾಡುತ್ತೇನೆಂದು ತೋಳು ಹಿಡಿದು ಜಗ್ಗುವವರ ಕೈಗೆ ಹೆಗಲು ಕೊಡಬೇಡಿ. ನೋವಿನ ಹಂತದಲ್ಲಿ ಜಗ್ಗಿದರೆ ಊತ ಹೆಚ್ಚುತ್ತದೆ, ಅಷ್ಟೇ. ಕೊರಳಿಗೆ ಪಟ್ಟಿ ಕಟ್ಟಿ ತೋಳನ್ನು ಅಲುಗಾಡಿಸದೆ ಇಡುವುದೂ ಅಷ್ಟೇ ಕೆಟ್ಟದ್ದು.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಹತ್ತು ನಿಮಿಷ ಶಾಖ ಕೊಡಿ. ಸ್ಪರ್ಶ ಕಡಿಮೆಯಾಗಿರುವವರು ಬಿಸಿ ಎಷ್ಟಿದೆ ಎಂದು ಮನೆಯವರಿಂದ ನೋಡಿಸಿ, ಇಲ್ಲವಾದರೆ ಸುಟ್ಟದ್ದೇ ತಿಳಿಯುವುದಿಲ್ಲ. ನಂತರ ಒಳ್ಳೆಯ ಕೈಯಿಂದ ಮೇಜು ಹಿಡಿದು ಮುಂದಕ್ಕೆ ಬಾಗಿ, ನೋವಿರುವ ತೋಳನ್ನು ಸಡಿಲವಾಗಿ ಇಳಿಬಿಟ್ಟು, ಮೈಯ ತೂಗಾಟದಿಂದಲೇ ಅದನ್ನು ಹಿಂದೆ ಮುಂದೆ, ಆಮೇಲೆ ಸಣ್ಣ ಸುತ್ತಿನಲ್ಲಿ ಆಡಿಸಿ. ಗೋಡೆಗೆ ಮುಖಮಾಡಿ ನಿಂತು ಬೆರಳುಗಳಿಂದ ‘ಹತ್ತುತ್ತಾ’ ಹೋಗಿ. ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿ. ಕೊನೆಗೆ ಸ್ನಾನದಲ್ಲಿ ಬೆನ್ನುಜ್ಜುವಾಗ ಹಿಡಿಯುವ ಹಾಗೆ ಟವೆಲ್ ಹಿಡಿದು, ಮೇಲಿನ ಒಳ್ಳೆಯ ಕೈಯಿಂದ ಕೆಳಗಿನ ಕೈಯನ್ನು ಮೆಲ್ಲಗೆ ಎಳೆಯಿರಿ. ದಿನಕ್ಕೆ ಮೂರು ಸಲ, ಪ್ರತಿಯೊಂದನ್ನೂ ಹತ್ತು ಸಲ. ಮುಗಿದು ಬಹಳ ಹೊತ್ತಾದರೂ ನೋವು ಇಳಿಯದಿದ್ದರೆ ಮಾರನೆಯ ದಿನ ಕಡಿಮೆ ಮಾಡಿ, ನಿಲ್ಲಿಸಬೇಡಿ.

ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಎಂದರೆ ಶುಗರ್‌ನವರು ಬೆಚ್ಚುತ್ತಾರೆ. ನೋವಿನ ಹಂತದಲ್ಲಿ ಅದು ಒಳ್ಳೆಯ ಚಿಕಿತ್ಸೆಯೇ. ಆದರೆ ಕೆಲವು ದಿನ, ಕೆಲವರಿಗೆ ವಾರದವರೆಗೂ, ಸಕ್ಕರೆ ಏರುತ್ತದೆ. ಮಧುಮೇಹ ವೈದ್ಯರಿಗೆ ಮೊದಲೇ ತಿಳಿಸಿ, ಆ ದಿನಗಳಲ್ಲಿ ಗ್ಲುಕೋಮೀಟರ್‌ನಲ್ಲಿ ಹೆಚ್ಚು ಸಲ ನೋಡಿಕೊಳ್ಳಿ.

ಮಾತ್ರೆಗಳ ಲೆಕ್ಕ

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಮಾತ್ರೆಗಳು ಮಧುಮೇಹಿಗಳ ಮೂತ್ರಪಿಂಡಕ್ಕೆ ಅಪಾಯಕಾರಿ. ನೋವಿನ ಮಾತ್ರೆ ಬೇಕೆಂದರೆ ಯಾವುದು, ಎಷ್ಟು ದಿನ ಎಂದು ವೈದ್ಯರನ್ನೇ ಕೇಳಿ. ಈಗಾಗಲೇ ನುಂಗುತ್ತಿರುವ ಮಾತ್ರೆಯೂ ನೋವಿಗೆ ಕಾರಣವಿರಬಹುದು. ಕೊಲೆಸ್ಟರಾಲ್‌ಗೆ ಕೊಡುವ ಸ್ಟಾಟಿನ್‌ನಿಂದ ಕೆಲವರಿಗೆ ಮಾಂಸಖಂಡ ನೋಯುತ್ತದೆ. ಶುಗರ್‌ಗೆ ಕೊಡುವ ಗ್ಲಿಪ್ಟಿನ್ ಗುಂಪಿನ ಮಾತ್ರೆಗಳು ತೀವ್ರ ಕೀಲುನೋವು ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಎಚ್ಚರಿಸಿತ್ತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಿ ಕೈಕಾಲು ಜೋಮು ಹಿಡಿಯುವುದುಂಟು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಪಟ್ಟಿ ಮಾಡಿ ವೈದ್ಯರಿಗೆ ತೋರಿಸಿ.

ಕಾಲುನೋವಿಗೆ ಬೇರೆ ಕಾರಣಗಳೂ ಇರಬಹುದು. ನಡೆಯುವಾಗ ಮೀನಖಂಡ ಹಿಂಡಿ, ನಿಂತಾಗ ಬಿಟ್ಟರೆ ಕಾಲಿನ ರಕ್ತನಾಳ ಕಟ್ಟಿರಬಹುದು. ಒಂದು ಕಡೆಯ ತೊಡೆ ವಿಪರೀತ ನೋಯುತ್ತ ಸಣ್ಣಗಾಗಿ, ಕುಕ್ಕರಗಾಲಿನಿಂದ ಏಳಲಾಗದಿದ್ದರೆ ಅದು ನರದ ತೊಂದರೆ ಇರಬಹುದು. ಎರಡಕ್ಕೂ ತಡಮಾಡಬಾರದು.

ಪಾದ ಬಿಸಿಯಾಗಿದೆಯೇ?

ಎಲ್ಲಕ್ಕಿಂತ ಆತುರದ್ದು ಇದು. ಸ್ಪರ್ಶ ಕಳೆದುಕೊಂಡ ಪಾದದಲ್ಲಿ ಸಣ್ಣ ಪೆಟ್ಟಿನಿಂದಲೂ ಮೂಳೆಗಳು ಮುರಿದು, ಕೀಲುಗಳು ಜಾರಬಹುದು. ವೈದ್ಯರು ಇದನ್ನು ಶಾರ್ಕೋ ಪಾದ ಎನ್ನುತ್ತಾರೆ. ಪಾದ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿರುತ್ತದೆ, ನೋವು ಮಾತ್ರ ಅಷ್ಟಿರುವುದಿಲ್ಲ. ಉಳುಕು, ಸೋಂಕು, ಗೌಟ್ ಎಂದು ತಪ್ಪು ತಿಳಿಯುವುದು ಸಾಮಾನ್ಯ. ಮೊದಲ ದಿನಗಳ ಎಕ್ಸ್‌ರೇ ಕೂಡ ಸರಿಯಾಗಿಯೇ ಕಾಣಬಹುದು. ಅದರ ಮೇಲೆ ನಡೆದಾಡಿದರೆ ಪಾದದ ಕಮಾನು ಕುಸಿದು ಆಕಾರ ಶಾಶ್ವತವಾಗಿ ಕೆಡುತ್ತದೆ. ದಿನವೂ ಮಲಗುವ ಮುನ್ನ ಎರಡೂ ಪಾದಗಳನ್ನು ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಿ. ಒಂದು ಬಿಸಿಯಾಗಿ ಊದಿದ್ದರೆ ಆ ಕಾಲನ್ನು ನೆಲಕ್ಕೆ ಊರಬೇಡಿ, ತಿಕ್ಕಬೇಡಿ, ಅದೇ ದಿನ ಆಟೋ ಹತ್ತಿ ವೈದ್ಯರಲ್ಲಿಗೆ ಹೋಗಿ.