ಕಡಲೆಬೀಜ ತೆಗೆದುಕೊಟ್ಟರೆ ಸಾಲದು: ಪ್ರವಾಸದ ಊಟ ಮತ್ತು ಆಹಾರದ ಅಲರ್ಜಿ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಹತ್ತನೇ ತರಗತಿಯಲ್ಲಿ ನಾವೆಲ್ಲರೂ ವಿಸ್ತರಿಸಿ ಬರೆದವರೇ. ಕಳೆದ ವರ್ಷದ ಕಾಲೇಜು ಪ್ರವಾಸವಾದ ಮೇಲೆ ಆ ಗಾದೆಯನ್ನು ನಾನು ಬೇರೆ ರೀತಿ ಓದುತ್ತಿದ್ದೇನೆ. ಊಟ ಬಲ್ಲವಳೂ ರೋಗಕ್ಕೆ ಬೀಳಬಹುದು. ಬಡಿಸುವವರಿಗೂ ಪಕ್ಕದಲ್ಲಿ ಕುಳಿತವರಿಗೂ ತಿಳಿಯದಿದ್ದರೆ ಅವಳೊಬ್ಬಳಿಗೆ ತಿಳಿದು ಪ್ರಯೋಜನವಿಲ್ಲ.

ನಾವು ಹೋಗಿದ್ದು ಒಂದು ಮನರಂಜನಾ ಉದ್ಯಾನಕ್ಕೆ. ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಫಜ್ರ್ ಆದ ಕೂಡಲೇ ಯಲ್ದೂರಿನಿಂದ ಬಸ್ಸು ಹೊರಟಿತು. ನನ್ನ ಖಾಲಾ ಮಗಳು ನನ್ನದೇ ತರಗತಿ. (ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದಿದ್ದಾಳೆ.) ಅವಳಿಗೆ ಚಿಕ್ಕಂದಿನಿಂದ ಕಡಲೆಬೀಜ ಆಗುವುದಿಲ್ಲ. ಅದಕ್ಕೇ ಖಾಲಾ ಡಬ್ಬಿಯಲ್ಲಿ ಚಪಾತಿ, ಮೊಟ್ಟೆ ಪಲ್ಯ ಕಟ್ಟಿದ್ದರು. ಗೇಟಿನಲ್ಲಿ ಹೊರಗಿನ ತಿಂಡಿ ಬಿಡುವುದಿಲ್ಲ ಎಂದರು. ಡಬ್ಬಿ ಬಸ್ಸಿಗೆ ವಾಪಸ್ಸಾಯಿತು.

ಮಧ್ಯಾಹ್ನ ಕೌಂಟರಿನಲ್ಲಿ ಉಳಿದಿದ್ದು ಚಿತ್ರಾನ್ನ. "ಅಣ್ಣಾ, ನನಗೆ ಕಡ್ಲೆಬೀಜ ಆಗಲ್ಲ" ಎಂದು ಅವಳು ಹೇಳಿದಳು. ಬಡಿಸುವವರು, "ಅಷ್ಟೇ ತಾನೆ, ತೆಗೆದು ಕೊಡ್ತೀನಿ ಬಿಡಮ್ಮ" ಎಂದು ಚಮಚದಿಂದ ಒಂದೊಂದೇ ಬೀಜ ಆರಿಸಿ ಪಕ್ಕಕ್ಕೆ ಹಾಕಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಅವಳು ತಟ್ಟೆ ಹಿಡಿದು ನನ್ನ ಮುಖ ನೋಡಿದಳು. "ಖಾ ಲೇ, ಕುಚ್ ನೈ ಹೋತಾ" ಎಂದು ಹೇಳಿದವಳು ನಾನೇ. ನನಗೆ ಬೇಗ ನೀರಿನ ಆಟಕ್ಕೆ ಹೋಗಬೇಕಿತ್ತು.

ಹತ್ತು ನಿಮಿಷದಲ್ಲಿ ಅವಳ ತುಟಿ ಜುಮುಗುಟ್ಟಿತು, ಕತ್ತಿನ ಮೇಲೆ ದದ್ದು ಎದ್ದಿತು. ಅವಳು ದುಪಟ್ಟಾದಿಂದ ಕತ್ತು ಮುಚ್ಚಿಕೊಂಡು ಸುಮ್ಮನಿದ್ದಳು. ತನ್ನಿಂದ ಎಲ್ಲರ ಪ್ರವಾಸ ಹಾಳಾಗುತ್ತದೆ ಎಂಬ ಭಯ. ವಾಂತಿಯಾಗಿ, ಧ್ವನಿ ಗೊಗ್ಗರಾದಾಗಲೇ ನಮಗೆ ಗೊತ್ತಾಗಿದ್ದು. ಅವಳ ಮಾತ್ರೆ ಲಾಕರಿನಲ್ಲಿತ್ತು. ಕೀಲಿ ಬೇರೊಬ್ಬಳ ಕೈಯಲ್ಲಿತ್ತು. ಅವಳು ನೀರಿನಲ್ಲಿದ್ದಳು. ಮೇಡಂ ಓಡಿ ಬಂದು ಪ್ರಥಮ ಚಿಕಿತ್ಸೆ ಕೊಠಡಿಗೆ, ಅಲ್ಲಿಂದ ಆಸ್ಪತ್ರೆಗೆ ಕರೆದೊಯ್ದರು. ತೊಡೆಗೆ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸಲೀಸಾಯಿತು. ಅಲ್‌ಹಮ್ದುಲಿಲ್ಲಾಹ್, ಈಗ ಚೆನ್ನಾಗಿದ್ದಾಳೆ. ಆದರೆ "ಕುಚ್ ನೈ ಹೋತಾ" ಎಂದ ನನ್ನ ಮಾತು ನನ್ನನ್ನು ಬಿಟ್ಟಿಲ್ಲ. ಈ ವರ್ಷದ ಪ್ರವಾಸಕ್ಕೆ ಮೊದಲು ನಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಪಾಠದಂತೆ ಬರೆದಿದ್ದೇನೆ.

1. ಅಲರ್ಜಿ ಎಂದರೆ ಏನು?

ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ರೋಗಾಣುಗಳೊಡನೆ ಹೋರಾಡಬೇಕು. ಕೆಲವರಲ್ಲಿ ಅದು ಆಹಾರದ ಒಂದು ಪ್ರೋಟೀನನ್ನು ಶತ್ರು ಎಂದು ತಪ್ಪು ತಿಳಿಯುತ್ತದೆ. ಆಗ ಐಜಿಇ ಎಂಬ ಪ್ರತಿಕಾಯಗಳ ಮೂಲಕ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ದದ್ದು, ತುರಿಕೆ, ಊತ, ವಾಂತಿ, ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಇದು ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಆಗುತ್ತದೆ. ಉಸಿರಾಟ ಅಥವಾ ರಕ್ತದ ಒತ್ತಡ ಕೆಡುವಷ್ಟು ತೀವ್ರವಾದರೆ ಅದಕ್ಕೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಅದು ಪ್ರಾಣಕ್ಕೆ ಅಪಾಯ.

ಎರಡು ವಿಷಯಗಳನ್ನು ಇದರೊಡನೆ ಬೆರೆಸಬಾರದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಹೆಚ್ಚಾಗಿ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗದೆ ಇರುವುದರಿಂದ. ಅದು ಕಷ್ಟ ಕೊಡುತ್ತದೆ, ಆದರೆ ಅಲರ್ಜಿಯಲ್ಲ. ಇನ್ನು ನಮ್ಮ ಶ್ರೀನಿವಾಸಪುರದ ಕಡೆ ಎಲ್ಲರಿಗೂ ಗೊತ್ತಿರುವ ಮಾವಿನ ಸೊನೆ. ಸೊನೆ ತಾಗಿ ತುಟಿಯ ಸುತ್ತ ಹುಣ್ಣಾಗುವುದು ಚರ್ಮಕ್ಕೆ ತಾಗಿದ್ದರಿಂದ ಆಗುವ ಪ್ರತಿಕ್ರಿಯೆ, ಅದು ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಹಣ್ಣು ತಿಂದ ಕೂಡಲೇ ಗಂಟಲು ಬಿಗಿದರೆ ಅದು ಬೇರೆ ವಿಷಯ, ಡಾಕ್ಟರಿಗೆ ತೋರಿಸಬೇಕು.

"ಇದೆಲ್ಲ ವಿದೇಶದವರ ಕಾಯಿಲೆ" ಎನ್ನುವವರಿದ್ದಾರೆ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರಕ್ತ ಪರೀಕ್ಷೆಯಲ್ಲಿ ಶೇ. 26.5 ಜನರಿಗೆ ಯಾವುದಾದರೂ ಆಹಾರದ ವಿರುದ್ಧ ಪ್ರತಿಕಾಯ ಕಂಡಿತು. ಆದರೆ ಲಕ್ಷಣಗಳೂ ಸೇರಿ ಅಲರ್ಜಿ ಇರಬಹುದು ಎಂದಾದದ್ದು ಶೇ. 1.2ರಷ್ಟು ಮಾತ್ರ. ಇದರಲ್ಲಿ ಎರಡು ಪಾಠಗಳಿವೆ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರೆಲ್ಲ ರೋಗಿಗಳಲ್ಲ, ಸುಮ್ಮನೆ ಆಹಾರ ಬಿಡಬಾರದು. ಹಾಗೆಯೇ ಶೇ. 1.2 ಎಂದರೆ ಕಡಿಮೆಯೂ ಅಲ್ಲ. ಎರಡು ಬಸ್ಸು ತುಂಬ ಜನ ಹೊರಟರೆ ಅದರಲ್ಲಿ ಒಬ್ಬರಿರಬಹುದು ಎಂಬ ಲೆಕ್ಕ.

2. ಬೀಜ ತೆಗೆದರೆ ಯಾಕೆ ಸಾಲದು?

ಒಗ್ಗರಣೆಯಲ್ಲಿ ಬೆಂದ ಬೀಜದ ಪುಡಿ, ಸಿಪ್ಪೆ, ಪ್ರೋಟೀನು ಎಣ್ಣೆಯ ಜೊತೆ ಅನ್ನಕ್ಕೆಲ್ಲ ಅಂಟಿರುತ್ತದೆ. ಕಣ್ಣಿಗೆ ಕಾಣುವ ಬೀಜ ತೆಗೆದರೂ ಅದು ಉಳಿಯುತ್ತದೆ. ಒಂದೇ ಸೌಟನ್ನು ಎರಡು ಪಾತ್ರೆಗೆ ಹಾಕಿದರೂ, ಒಂದೇ ಬಾಣಲೆಯ ಎಣ್ಣೆಯಲ್ಲಿ ಮೊದಲು ಸೀಗಡಿ, ಆಮೇಲೆ ಆಲೂಗಡ್ಡೆ ಕರಿದರೂ ಇದೇ ಕತೆ. ಬಿಸಿ ಮಾಡಿದರೆ ಕಡಲೆಬೀಜದ ಅಲರ್ಜಿಕಾರಕ ಪ್ರೋಟೀನು ಹೋಗುವುದಿಲ್ಲ.

ಎಣ್ಣೆಯ ವಿಷಯ ನಮ್ಮ ಜಿಲ್ಲೆಯವರಿಗೆ ಮುಖ್ಯ. ಚೆನ್ನಾಗಿ ಶುದ್ಧೀಕರಿಸಿದ ರಿಫೈನ್ಡ್ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಬಹುತೇಕ ಇರುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲರೂ ಈಗ ಮತ್ತೆ ಗಾಣದ ಎಣ್ಣೆ ತರುತ್ತಿದ್ದಾರೆ. ಅಲರ್ಜಿ ಇರುವವರಿಗೆ ಅದೇ ಅಪಾಯವಾಗಬಹುದು.

ಹೆಸರಿನಿಂದ ಗೊತ್ತಾಗದ ಜಾಗಗಳು ಇನ್ನೂ ಇವೆ:

- ಕಡಲೆಬೀಜ: ಪುಳಿಯೋಗರೆ, ಚಟ್ನಿ, ಚಟ್ನಿಪುಡಿ, ಮಿಕ್ಸ್ಚರ್, ಚಿಕ್ಕಿ.
- ಗೋಡಂಬಿ: ಕುರ್ಮಾ, ಬಿಳಿ ಗ್ರೇವಿ, ಬಿರಿಯಾನಿ, ಐಸ್‌ಕ್ರೀಂ. ಗೋಡಂಬಿ ಆಗದವರಿಗೆ ಪಿಸ್ತಾ ಕೂಡ ಆಗದಿರುವುದು ಸಾಮಾನ್ಯ.
- ಗೋಧಿ: ಸೋಯಾ ಸಾಸ್ ಹಾಕಿದ ನೂಡಲ್ಸ್, ಗೋಬಿ ಮಂಚೂರಿ. ಅಂಗಡಿಯ ಕೂಟಿಂಗಿನಲ್ಲೂ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರುತ್ತಾರೆ. ಹೀಗಾಗಿ ಸಾಂಬಾರನ್ನೂ ಕೇಳಬೇಕು.
- ಮೊಟ್ಟೆ: ಮಯೋನೀಸ್, ಕೇಕ್, ಕೆಲವು ನಾನ್.
- ಹಾಲು: ಬೆಣ್ಣೆ ಹಚ್ಚಿದ ರೊಟ್ಟಿ, ಖೋವಾದ ಸಿಹಿ, ಮೊಸರಿನಲ್ಲಿ ನೆನೆಸಿದ ಕಬಾಬ್.

3. ಮನರಂಜನಾ ಉದ್ಯಾನದಲ್ಲಿ ಯಾಕೆ ಹೆಚ್ಚು ಕಷ್ಟ?

ಊರಿನ ಹೋಟೆಲಿನಲ್ಲಿ ಅಡುಗೆಯವರು ಪರಿಚಿತರು. ಅಲ್ಲಿ ನೂಕುನುಗ್ಗಲು, ಬಡಿಸುವವರಿಗೂ ಅಡುಗೆ ಮಾಡಿದವರಿಗೂ ಭೇಟಿಯೇ ಇರುವುದಿಲ್ಲ. ನೀರಿನ ಆಟದಲ್ಲಿ ಒದ್ದೆಯಾಗಿ, ಬಿಸಿಲಿನಲ್ಲಿ ಕೆಂಪಾಗಿರುವಾಗ ದದ್ದು ಎದ್ದರೂ ಕಾಣುವುದಿಲ್ಲ. ಊಟವಾದ ಕೂಡಲೇ ಓಡಾಡಿದರೆ ಕೆಲವರಲ್ಲಿ ಪ್ರತಿಕ್ರಿಯೆ ಜೋರಾಗುತ್ತದೆ. ಫೋನು, ಔಷಧಿ ಎರಡೂ ಲಾಕರಿನಲ್ಲಿರುತ್ತವೆ.

ವಾಣಿಜ್ಯ ವಿದ್ಯಾರ್ಥಿಯಾಗಿ ಇನ್ನೊಂದು ಮಾತು. ಇಂಥ ಉದ್ಯಾನಗಳಿಗೆ ಟಿಕೆಟ್ ಆದಾಯದ ಜೊತೆಗೆ ಊಟ, ಬಟ್ಟೆ, ಆಟಿಕೆ ಮಾರಾಟದ ಆದಾಯವೂ ಇರುತ್ತದೆ. ಹೊರಗಿನ ಆಹಾರ ಬೇಡ ಎನ್ನುವುದಕ್ಕೆ ಸ್ವಚ್ಛತೆಯ ಜೊತೆ ಈ ಲೆಕ್ಕವೂ ಸೇರಿದೆ. ಸಿನಿಮಾ ಮಂದಿರಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದ್ದು ಹೀಗೆ: ಹೊರಗಿನ ಆಹಾರ ತಡೆಯುವ ಹಕ್ಕು ಮಾಲೀಕರಿಗೆ ಇದೆ, ಆದರೆ ಶುದ್ಧ ಕುಡಿಯುವ ನೀರು ಉಚಿತವಾಗಿ ಕೊಡಬೇಕು, ಎಳೆಯ ಮಕ್ಕಳ ಆಹಾರವನ್ನು ತಡೆಯಬಾರದು. ಒಳಗೆ ಊಟ ಮಾರುವ ಹಕ್ಕು ತನ್ನೊಬ್ಬನದೇ ಎನ್ನುವವನ ಮೇಲೆ, ಆ ಊಟದಲ್ಲಿ ಏನಿದೆ ಎಂದು ಹೇಳುವ ಹೊಣೆಯೂ ಅಷ್ಟೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಫ್ಲೋರಿಡಾದಲ್ಲಿರುವ ಡಿಸ್ನಿ ಉದ್ಯಾನಗಳಲ್ಲಿ ಅಲರ್ಜಿ ಇರುವವರಿಗೆ ಪ್ರತ್ಯೇಕ ಮೆನು ಇದೆ, ಮನೆಯ ತಿಂಡಿಯನ್ನೂ ಒಳಗೆ ಬಿಡುತ್ತಾರೆ. ಅಷ್ಟು ದೊಡ್ಡ ವ್ಯಾಪಾರಕ್ಕೂ ಅದರಿಂದ ನಷ್ಟವಾಗಿಲ್ಲ.

4. ಕಾನೂನು ಏನು ಹೇಳುತ್ತದೆ?

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರದು. ಅದರ ಅಡಿಯಲ್ಲಿ ಎಫ್‌ಎಸ್‌ಎಸ್‌ಎಐ 2020ರಲ್ಲಿ ಲೇಬಲ್ ಮತ್ತು ಪ್ರದರ್ಶನದ ನಿಯಮಗಳನ್ನು ಮಾಡಿತು. ಪ್ಯಾಕೆಟ್ಟಿನ ಆಹಾರದ ಮೇಲೆ ಇವುಗಳಿದ್ದರೆ ಹೇಳಲೇಬೇಕು: ಗ್ಲುಟೆನ್ ಇರುವ ಧಾನ್ಯ, ಸೀಗಡಿ-ಏಡಿಯಂಥವು, ಹಾಲು, ಮೊಟ್ಟೆ, ಮೀನು, ಕಡಲೆಬೀಜ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಮತ್ತು ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್. "ಇದೆ" ಎಂದು ಬರೆದಿದ್ದರೆ ಹಾಕಿದ್ದಾರೆ ಎಂದರ್ಥ, "ಇರಬಹುದು" ಎಂದಿದ್ದರೆ ತಯಾರಿಸುವಾಗ ತಾಗಿರಬಹುದು ಎಂದರ್ಥ. ಕೇಂದ್ರ ಲೈಸೆನ್ಸ್ ಇರುವ ಅಥವಾ 10 ಮತ್ತು ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕು, ಅಲರ್ಜಿಕಾರಕಗಳನ್ನೂ ತಿಳಿಸಬೇಕು.

ಎಳ್ಳು ಆ ಪಟ್ಟಿಯಲ್ಲಿಲ್ಲ. 2016ರಲ್ಲಿ ಬ್ರಿಟನ್ನಿನ ನತಾಶಾ ಎಂಬ 15 ವರ್ಷದ ಹುಡುಗಿ, ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ಡಿನ ಹಿಟ್ಟಿನಲ್ಲಿದ್ದ ಎಳ್ಳಿನಿಂದ ಪ್ರಾಣ ಕಳೆದುಕೊಂಡಳು. ಪೊಟ್ಟಣದ ಮೇಲೆ ಅದನ್ನು ಬರೆದಿರಲಿಲ್ಲ. ಅವಳ ತಂದೆ ತಾಯಿಯ ಹೋರಾಟದಿಂದ 2021ರ ಅಕ್ಟೋಬರ್ 1ರಂದು ಅವಳ ಹೆಸರಿನಲ್ಲೇ ಕರೆಯುವ ಕಾನೂನು ಜಾರಿಗೆ ಬಂತು. ಅವಳು ನಮಗಿಂತ ಚಿಕ್ಕವಳು.

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ ಗ್ರಾಹಕ ಸಂರಕ್ಷಣೆ ಪಾಠದಲ್ಲಿ ಆರು ಹಕ್ಕುಗಳನ್ನು ಓದುತ್ತೇವೆ. ಸುರಕ್ಷತೆಯ ಹಕ್ಕು, ಮಾಹಿತಿ ಪಡೆಯುವ ಹಕ್ಕು ಅವುಗಳಲ್ಲಿ ಮೊದಲನೆಯವು. ಪರೀಕ್ಷೆಗೆ ಬಾಯಿಪಾಠ ಮಾಡುವ ಈ ಸಾಲು ಕೌಂಟರಿನ ಮುಂದೆ ನಮ್ಮ ಬಾಯಿಗೆ ಬರುವುದಿಲ್ಲ. ದೂರಿಗೆ ಗ್ರಾಹಕರ ಸಹಾಯವಾಣಿ 1915 ಇದೆ.

5. ಕೇಳುವುದು ಹೇಗೆ?

ನಮ್ಮ ಮನೆಗಳಲ್ಲಿ ಹೊರಗೆ ತಿನ್ನುವ ಮೊದಲು "ಹಲಾಲ್ ಇದೆಯಾ?" ಎಂದು ನಾಚಿಕೆಯಿಲ್ಲದೆ ಕೇಳುತ್ತೇವೆ. ಸಸ್ಯಾಹಾರಿ ಸ್ನೇಹಿತರು ಹಸಿರು ಚುಕ್ಕೆ ನೋಡುತ್ತಾರೆ. ಕೇಳಿ ತಿನ್ನುವುದು ನಮಗೆಲ್ಲ ಅಭ್ಯಾಸವೇ. ಕಡಲೆಬೀಜದ ಬಗ್ಗೆ ಕೇಳುವುದೂ ಅಷ್ಟೇ ಸಹಜವಾಗಬೇಕು.

"ಆಗಲ್ಲ" ಎಂದರೆ ಇಷ್ಟವಿಲ್ಲ ಎಂದು ತಿಳಿಯುತ್ತಾರೆ. ಹೀಗೆ ಹೇಳಿ: "ಅಣ್ಣಾ, ನನಗೆ ಕಡ್ಲೆಬೀಜ ಅಲರ್ಜಿ. ಸ್ವಲ್ಪ ತಾಗಿದ್ರೂ ಉಸಿರು ಕಟ್ಟುತ್ತೆ, ಆಸ್ಪತ್ರೆಗೆ ಹೋಗ್ಬೇಕಾಗುತ್ತೆ. ಇದನ್ನ ಯಾವ ಎಣ್ಣೇಲಿ ಮಾಡಿದ್ದೀರಿ? ಸೌಟು ಬೇರೆ ಇದೆಯಾ? ಅಡುಗೆ ಮಾಡಿದವರನ್ನ ಒಂದು ಮಾತು ಕೇಳಿ ಹೇಳ್ತೀರಾ?" ಎಷ್ಟೋ ಕಡೆ ಕೆಲಸದವರು ಬೇರೆ ರಾಜ್ಯದವರು. ಅಲ್ಲಿ ನಮ್ಮ ಉರ್ದು ಉಪಯೋಗಕ್ಕೆ ಬರುತ್ತದೆ, ಸ್ನೇಹಿತರಿಗೂ ನಾವೇ ಕೇಳಿಕೊಡಬಹುದು. "ಗೊತ್ತಿಲ್ಲ", "ಇರಲಿಕ್ಕಿಲ್ಲ" ಎಂಬ ಉತ್ತರ ಬಂದರೆ ತಿನ್ನಬಾರದು. ಆಗ ಇಡೀ ಬಾಳೆಹಣ್ಣು, ಎಳನೀರು, ಲೇಬಲ್ ಇರುವ ಪ್ಯಾಕೆಟ್ ವಾಸಿ.

ಹೊರಡುವ ಮೊದಲೇ ಉದ್ಯಾನಕ್ಕೆ ಫೋನ್ ಮಾಡಿ, ಡಾಕ್ಟರ್ ಚೀಟಿ ತೋರಿಸಿದರೆ ಮನೆಯ ಡಬ್ಬಿ ಬಿಡುತ್ತೀರಾ ಎಂದು ಕೇಳಬೇಕು. ಗೇಟಿನಲ್ಲಿ ವಾದ ಮಾಡುವುದಕ್ಕಿಂತ ಇದು ಮೇಲು.

6. ಪ್ರತಿಕ್ರಿಯೆ ಆದರೆ

- ಕೂಡಲೇ ಹೇಳಬೇಕು. ಮುಚ್ಚಿಡಬಾರದು. ಒಬ್ಬಳೇ ಶೌಚಾಲಯಕ್ಕೆ ಹೋಗಬಾರದು.
- ಉಸಿರಾಟದ ತೊಂದರೆ, ಧ್ವನಿ ಬದಲಾವಣೆ, ನಾಲಿಗೆ ಊತ, ತಲೆಸುತ್ತು, ಪದೇಪದೇ ವಾಂತಿ ಇದ್ದರೆ 108ಕ್ಕೆ ಕರೆ ಮಾಡಿ.
- ಮಲಗಿಸಿ ಕಾಲು ಎತ್ತರಿಸಿ. ಉಸಿರಾಡಲು ಕಷ್ಟವಿದ್ದರೆ ಕೂರಿಸಿ. ನಡೆಸಬೇಡಿ.
- ಮುಖ್ಯ ಔಷಧಿ ತೊಡೆಯ ಹೊರಭಾಗಕ್ಕೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್. ಅಲರ್ಜಿ ಮಾತ್ರೆ ತುರಿಕೆ ಕಡಿಮೆ ಮಾಡುತ್ತದೆ, ಗಂಟಲ ಊತಕ್ಕೆ ಅದನ್ನು ನಂಬಿ ಕಾಯಬಾರದು.
- ಸುಧಾರಿಸಿದರೂ ಕೆಲವು ಗಂಟೆಗಳ ನಂತರ ಮರುಕಳಿಸಬಹುದು. ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವುದು ಅದಕ್ಕೇ.

7. ನಮ್ಮ ಕಾಲೇಜಿಗೆ ಮೂರು ಕೋರಿಕೆ

ಪ್ರವಾಸದ ಒಪ್ಪಿಗೆ ಪತ್ರದಲ್ಲಿ "ಆಹಾರದ ಅಲರ್ಜಿ ಇದೆಯೇ?" ಎಂಬ ಒಂದು ಸಾಲು ಸೇರಿಸಬೇಕು. ಅಂಥವರ ಔಷಧಿ ಲಾಕರಿನಲ್ಲಿರದೆ, ನೀರಿಗಿಳಿಯದ ಒಬ್ಬ ಉಪನ್ಯಾಸಕರ ಬ್ಯಾಗಿನಲ್ಲಿರಬೇಕು. ಪ್ರತಿಯೊಬ್ಬರಿಗೂ ವಿಷಯ ತಿಳಿದ ಒಬ್ಬ ಜೊತೆಗಾರರಿರಬೇಕು.

ಮೂರನೆಯದಕ್ಕೆ ನಾನು ಆಗಲೇ ಹೆಸರು ಕೊಟ್ಟಿದ್ದೇನೆ. ಈ ವರ್ಷ ಅವಳು ಪ್ರವಾಸಕ್ಕೆ ಬರುವುದಿಲ್ಲ ಎನ್ನುತ್ತಿದ್ದಳು. ಮೊನ್ನೆ ಈ ಬರಹ ಓದಿ, "ಡಬ್ಬಿ ಒಳಗೆ ಬಿಡ್ತಾರಾ ಅಂತ ನೀನೇ ಫೋನ್ ಮಾಡಿ ಕೇಳು, ಆಮೇಲೆ ನೋಡೋಣ" ಎಂದಿದ್ದಾಳೆ. ಕೇಳುತ್ತೇನೆ.

ಯೋಚಿಸಿ ಉತ್ತರಿಸಿ

1. ನಿಮ್ಮ ತರಗತಿಯಲ್ಲಿ ಯಾರಿಗೆ ಯಾವ ಆಹಾರದ ಅಲರ್ಜಿ ಇದೆ ಎಂದು ನಿಮಗೆ ಗೊತ್ತೇ?
2. ಬ್ಯಾಗಿನಲ್ಲಿರುವ ಬಿಸ್ಕತ್ ಪ್ಯಾಕೆಟ್ಟಿನ ಲೇಬಲ್ ಓದಿ. "ಇದೆ" ಎಂದು ಯಾವುದನ್ನು, "ಇರಬಹುದು" ಎಂದು ಯಾವುದನ್ನು ಬರೆದಿದ್ದಾರೆ?
3. ನಿಮ್ಮ ಮನೆಯ ಅಡುಗೆಗೆ ಬಳಸುವ ಎಣ್ಣೆ ಯಾವುದು? ಅತಿಥಿ ಕೇಳಿದರೆ ಉತ್ತರ ಹೇಳಬಲ್ಲಿರಾ?